ಸಣ್ಣ ಸುಖ ಯಾರ ಪಾಲಿಗೆ?

ಜುಲೈ ನಡುವಿನ ಹೊತ್ತಿಗೆ ಪುತ್ತೂರಿನಿಂದ ಸುಳ್ಯದವರೆಗೆ ರಸ್ತೆ ಬದಿಯ ಬ್ಯಾನರುಗಳು ಬದಲಾಗುತ್ತವೆ. ಕಾಲೇಜು ಸೇರ್ಪಡೆಯ ಜಾಹೀರಾತುಗಳು ಮಳೆಗೆ ಬಣ್ಣ ಬಿಟ್ಟು ಜೋತುಬಿದ್ದಲ್ಲಿ ‘ಆಟಿಡೊಂಜಿ ದಿನ’ದ ಬ್ಯಾನರುಗಳು ಏಳುತ್ತವೆ. ಶಾಲೆ, ಯುವಕ ಮಂಡಲ, ಮಹಿಳಾ ಸಂಘ, ಬ್ಯಾಂಕಿನ ನೌಕರರ ಕೂಟ, ಎಲ್ಲರಿಗೂ ಒಂದೊಂದು ಆಟಿಯ ದಿನ. ಸಭಾಭವನದ ಉದ್ದ ಮೇಜಿನ ಮೇಲೆ ಪತ್ರೊಡೆ, ತಜಂಕಿನ ವಡೆ, ಕಣಿಲೆಯ ಗಸಿ, ಉಪ್ಪು ನೀರಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ಸಾಂತಾಣಿ, ಮೆಂತೆ ಗಂಜಿ ಸಾಲಾಗಿ ಕುಳಿತಿರುತ್ತವೆ. ಪ್ರತಿಯೊಂದರ ಮುಂದೆ ಹೆಸರು ಬರೆದ ಚೀಟಿ. ಭಾಷಣ ಮಾಡುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: ನಮ್ಮ ಹಿರಿಯರು ಎಷ್ಟು ಸಣ್ಣ ಸಂಗತಿಗಳಲ್ಲಿ ಎಷ್ಟು ದೊಡ್ಡ ಖುಷಿ ಕಂಡಿದ್ದರು, ನಮಗೆ ಎಲ್ಲ ಇದ್ದೂ ಖುಷಿ ಇಲ್ಲ.

ಕಡಬದ ಬಳಿಯ ನಮ್ಮೂರಿನಲ್ಲಿ ಇಂಥದ್ದೊಂದು ಕಾರ್ಯಕ್ರಮಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಅವಳು ಮೇಜಿನ ಉದ್ದಕ್ಕೂ ಒಮ್ಮೆ ನಡೆದು ನೋಡಿ ತುಳುವಿನಲ್ಲಿ ಹೇಳಿದ್ದರ ಕನ್ನಡ ಇಷ್ಟು: “ಇದನ್ನೆಲ್ಲ ಒಂದೇ ದಿನ ಯಾರು ತಿಂದದ್ದು? ಇಷ್ಟು ಬಗೆ ಇದ್ದರೆ ಅದು ಆಟಿ ಅಲ್ಲ, ಮದುವೆ.”

ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು. ತುಳುವರ ತಿಂಗಳುಗಳಲ್ಲಿ ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನೇಜಿ ನೆಟ್ಟು ಮುಗಿದಿರುತ್ತದೆ, ಹೊಸ ಬೆಳೆಗೆ ಇನ್ನೂ ತಿಂಗಳುಗಳಿರುತ್ತವೆ, ಹಳೆಯ ಅಕ್ಕಿ ಮುಡಿ ಬರಿದಾಗಿರುತ್ತದೆ. ಮಳೆ ಬಿಡದೆ ಹೊಯ್ಯುವುದರಿಂದ ಕೂಲಿಯೂ ಇಲ್ಲ. ಆಗ ಗದ್ದೆ ಬದುವಿನ ತಜಂಕು, ಬಿದಿರ ಮೆಳೆಯ ಕಣಿಲೆ, ಕಲ್ಲಿನ ಸಂದಿಯ ಕೆಸು, ಬೇಸಿಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ, ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜ. ಅದೂ ಮುಗಿದರೆ ಬೈನೆ ಮರದ ತಿರುಳಿನ ಹಿಟ್ಟು. ಆಟಿ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯುವ ಪಾಲೆ ಮರದ ಕಷಾಯದ ಕಹಿಗೆ ಆ ತಿಂಗಳಲ್ಲಿ ಬೇರೆ ಅರ್ಥವೂ ಇತ್ತು. ಮದುವೆ ಮುಂಜಿಗಳನ್ನು ಇಟ್ಟುಕೊಳ್ಳದ, ಹೊಸ ಸೊಸೆಯನ್ನು ತವರಿಗೆ ಕಳಿಸುವ, ಮಾರಿ ಕಳೆಯಲು ಆಟಿ ಕಳೆಂಜ ಮನೆಬಾಗಿಲಿಗೆ ಬರುವ ತಿಂಗಳು ಅದು. ಇವತ್ತು ಚೀಟಿ ಹಚ್ಚಿ ಬಡಿಸುವುದೆಲ್ಲ ಅಂದು ಬೇರೇನೂ ಇಲ್ಲದ ಕಾರಣಕ್ಕೆ ಒಲೆಯ ಮೇಲೆ ಏರಿದ್ದು.

ಹಸಿವಿನ ಊಟ ಹಬ್ಬದ ಊಟವಾದದ್ದು ಹೇಗೆ? ಹಿರಿಯರಿಗೆ ಇದ್ದಕ್ಕಿದ್ದಂತೆ ತೃಪ್ತಿಯ ಗುಟ್ಟು ತಿಳಿದದ್ದರಿಂದಲ್ಲ. 1974ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ದಕ್ಷಿಣ ಕನ್ನಡದ ಎಷ್ಟೋ ಗೇಣಿದಾರರು ಉಳುವ ನೆಲದ ಒಡೆಯರಾದರು. ಗೇಣಿಯಾಗಿ ಹೊರಟುಹೋಗುತ್ತಿದ್ದ ಅಕ್ಕಿ ಮನೆಯಲ್ಲೇ ಉಳಿಯಿತು. ಮಳೆಗಾಲದಲ್ಲೂ ಕೂತು ದುಡಿಯಬಹುದಾದ ಬೀಡಿ ಬಂತು. ರೇಷನ್ ಅಂಗಡಿ ಬಂತು. ಮನೆಯಿಂದ ಒಬ್ಬ ಮುಂಬಯಿಗೋ ಕೊಲ್ಲಿಗೋ ಹೋಗಿ ಹಣ ಕಳಿಸಿದ. ಇಷ್ಟೆಲ್ಲ ಆದ ಮೇಲೆ, ತಜಂಕು ತಿನ್ನಲೇಬೇಕಾದ ಸೊಪ್ಪಾಗಿ ಉಳಿಯದೆ ತಿನ್ನಬಹುದಾದ ಸೊಪ್ಪಾಯಿತು. ಅದರ ರುಚಿ ಬದಲಾದದ್ದು ಆಗ.

ಈ ಸಣ್ಣ ಇತಿಹಾಸವನ್ನು ಮುಂದಿಟ್ಟುಕೊಂಡು ನಾನು ಕೇಳಬೇಕೆಂದಿರುವ ಪ್ರಶ್ನೆ ಹಳೆಯದು. ಬದುಕಿನ ಸಣ್ಣಪುಟ್ಟ ಸಂಗತಿಗಳಲ್ಲಿ ಸುಖ ಕಾಣಬೇಕು ಎಂಬ ಮಾತು ವಿವೇಕವೋ, ಅಥವಾ ದೊಡ್ಡದನ್ನು ಕೇಳದಂತೆ ಬಾಯಿ ಮುಚ್ಚಿಸುವ ಉಪಾಯವೋ? ವಾಟ್ಸ್ಆ್ಯಪ್‌ನ ಶುಭೋದಯದಲ್ಲಿ, ಪುಸ್ತಕದಂಗಡಿಯ ಮುಂದಿನ ಸಾಲಿನಲ್ಲಿ, ಸನ್ಮಾನದ ಭಾಷಣದಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ ಅದನ್ನು ಯಾರೂ ತಡೆದು ನಿಲ್ಲಿಸಿ ‘ನೀನು ಯಾರ ಕಡೆಯವನು’ ಎಂದು ಕೇಳುವುದಿಲ್ಲ.

ಕೇಳಿದವರು ಇಲ್ಲದಿಲ್ಲ. ಅಮರ್ತ್ಯ ಸೇನ್ 1980ರ ದಶಕದ ತಮ್ಮ ಬರಹಗಳಲ್ಲಿ ಈ ಪ್ರಶ್ನೆಯನ್ನು ಅರ್ಥಶಾಸ್ತ್ರದ ಒಳಗೇ ತಂದು ಇಟ್ಟರು. ಜನರ ಕ್ಷೇಮವನ್ನು ಅವರ ಸುಖದಿಂದಲೇ ಅಳೆದರೆ ಏನಾಗುತ್ತದೆ ಎಂಬುದು ಅವರ ಚಿಂತೆ. ನೆಲವಿಲ್ಲದ ಕೂಲಿಯಾಳು, ಮನೆಯೊಳಗೆ ತುಳಿತಕ್ಕೊಳಗಾದ ಹೆಂಗಸು ಬದುಕಿ ಉಳಿಯಬೇಕಾದರೆ ತಮ್ಮ ಆಸೆಯನ್ನು ಕೈಗೆಟಕುವಷ್ಟಕ್ಕೆ ಕತ್ತರಿಸಿಕೊಳ್ಳಲೇಬೇಕು. ದಿನವೂ ಅಳುತ್ತ ಕೂರಲಾಗುವುದಿಲ್ಲ. ಹಾಗಾಗಿ ಸಿಕ್ಕ ಚೂರಿನಲ್ಲೇ ಸಂತೋಷಪಡುವುದನ್ನು ಕಲಿಯುತ್ತಾರೆ. ಸುಖದ ತಕ್ಕಡಿಯಲ್ಲಿ ತೂಗಿದರೆ ಅವರಿಗೆ ಕೊರತೆಯೇ ಕಾಣಿಸುವುದಿಲ್ಲ. ಅನ್ಯಾಯ ಎಷ್ಟು ಹಳೆಯದೋ ಅಷ್ಟು ಚೆನ್ನಾಗಿ ಅದು ಅಡಗಿಕೊಳ್ಳುತ್ತದೆ. ಇದೇ ಕಾಲದಲ್ಲಿ, 1983ರಲ್ಲಿ, ಯೋನ್ ಎಲ್ಸ್ಟರ್ ಎಂಬ ಚಿಂತಕ ನಮಗೆಲ್ಲ ಗೊತ್ತಿರುವ ಹುಳಿ ದ್ರಾಕ್ಷಿಯ ನರಿಯನ್ನೇ ಹಿಡಿದು ಒಂದಿಡೀ ಪುಸ್ತಕ ಬರೆದ. ಎಟುಕದ ದ್ರಾಕ್ಷಿಯನ್ನು ಹುಳಿ ಎನ್ನುವ ನರಿ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ನಿಜವಾಗಿಯೂ ದ್ರಾಕ್ಷಿ ಬೇಡವಾಗಿದೆ. ಕಷ್ಟ ಇರುವುದು ಅಲ್ಲಿಯೇ.

ನನ್ನ ಪಿಎಚ್.ಡಿ. ಕೆಲಸ ಮನೆಯಲ್ಲೇ ಕೂತು ದುಡಿಯುವ ಹೆಂಗಸರ ಬಗ್ಗೆ. ಪುತ್ತೂರು, ಸುಳ್ಯ, ಮತ್ತು 2018ರಲ್ಲಿ ಹೊಸ ತಾಲೂಕಾದ ಕಡಬದ ಹಳ್ಳಿಗಳಲ್ಲಿ ಬೀಡಿ ಕಟ್ಟುವವರ ಜಗಲಿಗಳಲ್ಲಿ ಕೂತು ಮಾತಾಡುವುದು ಅದರ ಮುಖ್ಯ ಭಾಗ. ಪ್ರಶ್ನಾವಳಿಯ ಕೊನೆಯಲ್ಲಿ ಒಂದು ಏಣಿಯ ಪ್ರಶ್ನೆ ಇದೆ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬಾತ 1965ರಲ್ಲಿ ರೂಪಿಸಿದ್ದು, ಇವತ್ತು ದೇಶದೇಶಗಳ ಸಂತೋಷದ ಪಟ್ಟಿ ತಯಾರಿಸುವ ವರದಿಯೂ ಇದನ್ನೇ ಬಳಸುತ್ತದೆ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಏಣಿಯನ್ನು ಕಲ್ಪಿಸಿಕೊಳ್ಳಿ. ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ನೀವೀಗ ಯಾವ ಮೆಟ್ಟಿಲಲ್ಲಿದ್ದೀರಿ?

ಈ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಸಂಖ್ಯೆಗಿಂತ ಮಾತುಗಳೇ ಹೆಚ್ಚು. ಕಾಣಿಯೂರು ಕಡೆಯ ಒಬ್ಬ ಅಕ್ಕ, ಬೀಡಿಯ ಜೊತೆಗೆ ಹಂಗಾಮಿನಲ್ಲಿ ಕಾಳುಮೆಣಸು ಕೊಯ್ಯಲೂ ಹೋಗುವವರು, ತಡ್ಪೆಯ ಮೇಲಿಂದ ಕಣ್ಣೆತ್ತದೆ ಕೇಳಿದರು: “ಏಣಿ ಹಿಡಿದುಕೊಳ್ಳುವುದು ಯಾರು ಟೀಚರೇ?” ಅವರಿಗೆ ಏಣಿ ರೂಪಕವಲ್ಲ. ಅಡಿಕೆ ಮರಕ್ಕೆ ಒರಗಿಸಿದ ಬಿದಿರಿನ ಒಂಟಿ ಏಣಿ ಜಾರುತ್ತದೆ, ಕೆಳಗೆ ಒಬ್ಬರು ಹಿಡಿಯಬೇಕು. ಎಷ್ಟನೆಯ ಮೆಟ್ಟಿಲು ಎಂಬುದಕ್ಕಿಂತ ಅದು ಮುಖ್ಯ. ನಾನು ಆ ಕೋಷ್ಟಕದಲ್ಲಿ ಸಂಖ್ಯೆಯ ಬದಲು ಅವರ ಪ್ರಶ್ನೆಯನ್ನೇ ಬರೆದುಕೊಂಡೆ. ಇನ್ನೊಬ್ಬರು ‘ಹತ್ತು’ ಎಂದರು. ಮಳೆನೀರು ಇಳಿಯುವ ಮೂಲೆಯಲ್ಲಿ ಬಾಲ್ದಿ ಇಟ್ಟ ಮನೆ. ಯಾಕೆ ಹತ್ತು ಎಂದರೆ, “ಮತ್ತೆ? ಒಂದು ಎಂದರೆ ನೀವು ಸರಿಮಾಡಿ ಕೊಡ್ತೀರಾ?”

ಅಮ್ಮನೂ ಬೀಡಿ ಕಟ್ಟುತ್ತಾಳೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ತಡ್ಪೆ ಬದಿಗಿಟ್ಟು ಎದ್ದು, ಬೆಲ್ಲದ ತುಂಡು ಕಚ್ಚಿಕೊಂಡು ಕಣ್ಣ ಚಾ ಕುಡಿಯುತ್ತಾಳೆ. ಹಾಲು ಹಾಕದ ಚಾ, ಸ್ಟೀಲಿನ ಲೋಟ, ಪಕ್ಕದಲ್ಲಿ ಮಂಗಳೂರು ಆಕಾಶವಾಣಿ. ಒಮ್ಮೆ ಬೆಂಗಳೂರಿನಿಂದ ಬಂದ ನೆಂಟರೊಬ್ಬರು ಇದನ್ನು ನೋಡಿ ಮೆಚ್ಚಿದರು. “ನೋಡಿ ಅತ್ತಿಗೆ, ನಿಮ್ಮ ಹಾಗೆ ಒಂದು ಚಾದಲ್ಲಿ ಸುಖ ಕಾಣಲಿಕ್ಕೆ ನಮ್ಮಿಂದ ಆಗುವುದಿಲ್ಲ.” ಅಮ್ಮ ನಕ್ಕಳು. ಅವರು ಹೋದ ಮೇಲೆ ಲೋಟ ತೊಳೆಯುತ್ತ ಹೇಳಿದಳು: “ಸುಖ ಹೌದು. ಕುತ್ತಿಗೆ ನೋವಿಗೆ ಹತ್ತು ನಿಮಿಷ ಎದ್ದು ನಿಂತರೆ ಸುಖ ಆಗದೆ ಇರ್ತದಾ? ಆದರೆ ನಾನು ಇಪ್ಪತ್ತು ವರ್ಷದಿಂದ ಈ ಅಡುಗೆಮನೆಗೊಂದು ಕಿಟಕಿ ಕೇಳ್ತಾ ಇದ್ದೇನೆ. ಅದನ್ನು ಯಾರೂ ನೋಡಲಿಲ್ಲ.”

ನೆಂಟರು ಕಂಡದ್ದು ಸುಳ್ಳಲ್ಲ. ಚಾದಲ್ಲಿ ಸುಖ ಇತ್ತು. ಆದರೆ ಆ ಸುಖವನ್ನು ಹೊಗಳಿದ್ದು ಕಿಟಕಿಯಿಲ್ಲದ ಗೋಡೆಯ ಕಡೆ ಕಣ್ಣು ಹೋಗದಂತೆ ಮಾಡಿತು. ಬಡವರ ಸಣ್ಣ ಸುಖಗಳನ್ನು ನೋಡಿ ಕಣ್ಣು ತುಂಬಿಕೊಳ್ಳುವ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಗಂಜಿ ಊಟದ ವರ್ಣನೆ ಬಹಳ ಚಂದವಿರುತ್ತದೆ. ಗಂಜಿ ಉಂಡವರು ಬೇರೇನು ಕೇಳಿದ್ದರು ಎಂಬುದು ಇರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಈ ಬರಹ ಒಂದು ದೂರು ಅರ್ಜಿಯಾಗುತ್ತದೆ. ಆದರೆ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ತೋರಿಸಿದ್ದೂ ಅಜ್ಜಿಯೇ. ಆಟಿಯ ಕಷ್ಟಗಳನ್ನು ನಾನು ಸೇನ್ ಅವರ ವಾದಕ್ಕೆ ಸಾಕ್ಷಿಯಾಗಿ ಜೋಡಿಸಿಕೊಳ್ಳುತ್ತಿದ್ದಾಗ ಅವಳು ನಡುವೆ ಬಾಯಿ ಹಾಕಿದಳು. ಹಸಿವಿದ್ದದ್ದು ಹೌದು, ಆದರೆ ಹಲಸಿನ ಬೀಜ ಸುಡುತ್ತ ಒಲೆಯ ಸುತ್ತ ಕೂತು ನಗಾಡಿದ್ದೂ ಹೌದು. ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಅಂಗಳವಿಡೀ ಎಳೆದದ್ದೂ ಹೌದು. “ನಗಾಡಿದ್ದು ಹಸಿವು ಇಲ್ಲ ಅಂತ ಅಲ್ಲ. ಹಸಿವಿಗೆ ಎಲ್ಲವನ್ನೂ ಕೊಡಬಾರದು ಅಂತ,” ಎಂದಳು.

ಈ ಮಾತು ನನ್ನ ವಾದವನ್ನು ಎರಡು ಹೋಳು ಮಾಡಿತು. ಬಡವರ ಸಣ್ಣ ಸುಖವೆಲ್ಲ ಬರೇ ಹೊಂದಾಣಿಕೆ, ಬರೇ ಮರೆವು ಎಂದರೆ ಅದೂ ಒಂದು ಬಗೆಯ ಅವಮಾನ. ಅನ್ಯಾಯ ಮಾಡಿದವರು ಅಕ್ಕಿ ತೆಗೆದುಕೊಂಡರು. ಈಗ ನಾನು ಬಂದು, ನಿಮ್ಮ ನಗೆಯೂ ನಿಜವಲ್ಲ ಎಂದು ಅದನ್ನೂ ತೆಗೆದುಕೊಂಡ ಹಾಗೆ.

ಇನ್ನು ನಮ್ಮಂಥವರ ಕತೆ. ಸಂಶೋಧನಾ ವಿದ್ಯಾರ್ಥಿಗಳ ಬದುಕಿನಲ್ಲಿ ‘ಆಮೇಲೆ’ ಎಂಬ ಪದಕ್ಕೆ ಇರುವಷ್ಟು ಕೆಲಸ ಬೇರೆ ಯಾವ ಪದಕ್ಕೂ ಇಲ್ಲ. ಕೋರ್ಸ್‌ವರ್ಕ್ ಮುಗಿದ ಆಮೇಲೆ, ಕೊಲೊಕ್ವಿಯಂ ಆದ ಆಮೇಲೆ, ಥೀಸಿಸ್ ಕೊಟ್ಟ ಆಮೇಲೆ, ವೈವಾ ಆದ ಆಮೇಲೆ, ಕೆಲಸ ಸಿಕ್ಕಿದ ಆಮೇಲೆ. ಊರಿಗೆ ಹೋಗಿ ನಾಲ್ಕು ದಿನ ಇರುವುದು, ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುವುದು, ಕುಮಾರಧಾರೆಯಲ್ಲಿ ಕಾಲು ಇಳಿಬಿಡುವುದು, ಎಲ್ಲವೂ ಆಮೇಲಿನ ಕಪಾಟಿನಲ್ಲಿ. ಅಡಿಕೆಯ ಊರಿನವರಿಗೆ ಈ ಲೆಕ್ಕ ಸಹಜ. ನಮ್ಮಲ್ಲಿ ಅಡಿಕೆಯನ್ನು ಕೊಯ್ದ ಕೂಡಲೇ ಮಾರುವುದಿಲ್ಲ. ಒಣಗಿಸಿ, ಸುಲಿದು, ಗೋಣಿಯಲ್ಲಿ ತುಂಬಿ ಅಟ್ಟಕ್ಕೆ ಹಾಕಿ ಕಾಯುತ್ತಾರೆ. ಹೊಸತಕ್ಕಿಂತ ಹಳತಿಗೆ ರೇಟು ಹೆಚ್ಚು. ವರ್ಷ ಕಳೆದರೆ ಸಿಂಗಲ್ ಚೋಲ್, ಇನ್ನೂ ಕಳೆದರೆ ಡಬಲ್ ಚೋಲ್. ಸುಖವೂ ಹೀಗೆ ಅಟ್ಟದಲ್ಲಿಟ್ಟರೆ ಬೆಲೆ ಏರುವ ವಸ್ತು ಎಂದು ನಾವು ನಂಬಿದಂತಿದೆ. ಆದರೆ ಸುಖದ ಗುಣ ಅಡಿಕೆಯದ್ದಲ್ಲ, ಕಾಟು ಮಾವಿನ ಹಣ್ಣಿನದ್ದು. ರಾತ್ರಿ ಗಾಳಿಗೆ ಬಿದ್ದದ್ದನ್ನು ಬೆಳಗ್ಗೆ ಹೆಕ್ಕಬೇಕು. ಮಧ್ಯಾಹ್ನದವರೆಗೆ ಬಿಟ್ಟರೆ ಹುಳದ ಪಾಲು.

ಕಾದು ಪಡೆದ ದೊಡ್ಡ ಸುಖ ಸಣ್ಣ ಸುಖಗಳಿಗೆ ಏನು ಮಾಡುತ್ತದೆ ಎಂಬುದನ್ನು ಅಮೆರಿಕದಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೋಡಿತ್ತು. ಲಾಟರಿ ಗೆದ್ದ 22 ಮಂದಿ, ಗೆಲ್ಲದ 22 ಮಂದಿ, ಅಪಘಾತದಲ್ಲಿ ಕೈಕಾಲು ಕಳೆದುಕೊಂಡಂತಾದ 29 ಮಂದಿ. ಅಧ್ಯಯನ ಸಣ್ಣದು. ಅದರ ತೀರ್ಮಾನಗಳ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆಯಾಗಿದೆ. ಲಾಟರಿಯವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ ಎಂಬುದನ್ನೇ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಅದರ ಇನ್ನೊಂದು ಭಾಗ ಮುಖ್ಯವೆನಿಸುತ್ತದೆ. ಗೆಳೆಯನೊಡನೆ ಮಾತು, ಬೆಳಗಿನ ತಿಂಡಿ, ಒಂದು ಜೋಕು, ಪತ್ರಿಕೆ ಓದುವುದು, ಇಂಥ ದಿನನಿತ್ಯದ ಸಂಗತಿಗಳು ಎಷ್ಟು ಖುಷಿ ಕೊಡುತ್ತವೆ ಎಂದು ಕೇಳಿದಾಗ ಲಾಟರಿ ಗೆದ್ದವರು ಗೆಲ್ಲದವರಿಗಿಂತ ಕಡಿಮೆ ಎಂದರು. ದೊಡ್ಡ ಗೆಲುವು ಪಕ್ಕದಲ್ಲಿ ನಿಂತ ಕಾರಣ ತಿಂಡಿಯ ರುಚಿ ಕುಗ್ಗಿತು. ಹಾಗಾದರೆ ಸಣ್ಣ ಸುಖವನ್ನು ಕಳೆದುಕೊಳ್ಳುವ ಅಪಾಯ ಇಲ್ಲದವರಿಗಷ್ಟೇ ಅಲ್ಲ, ಸಿಕ್ಕವರಿಗೂ ಇದೆ.

ಸುಖವನ್ನು ಅಳೆಯುವ ಹುಚ್ಚು ಇಂದಿನದ್ದಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದದ ಒಂದು ಲೆಕ್ಕಾಚಾರ ಬರುತ್ತದೆ. ಓದಿದ, ಗಟ್ಟಿಮುಟ್ಟಾದ ಯುವಕನೊಬ್ಬನಿಗೆ ಸಂಪತ್ತು ತುಂಬಿದ ಇಡೀ ಭೂಮಿಯೇ ಸಿಕ್ಕಿತು ಎಂದಿಟ್ಟುಕೊಳ್ಳಿ, ಅದು ಮನುಷ್ಯ ಆನಂದದ ಒಂದು ಅಳತೆ. ಅದರ ನೂರು ಪಟ್ಟು ಮುಂದಿನವರದ್ದು, ಅದರ ನೂರು ಪಟ್ಟು ಅದಕ್ಕೂ ಮುಂದಿನವರದ್ದು, ಹೀಗೆ ದೇವತೆಗಳನ್ನು ದಾಟಿ ಬ್ರಹ್ಮಾನಂದದವರೆಗೆ. ಕೇಳಲು ಕ್ಯಾಂಟ್ರಿಲನ ಏಣಿಯ ಅಜ್ಜನ ಹಾಗಿದೆ. ಆದರೆ ಒಂದು ಸೂಕ್ಷ್ಮವಿದೆ. ಏರುವ ಮೆಟ್ಟಿಲಿನಲ್ಲೆಲ್ಲ ಪಕ್ಕದಲ್ಲೇ ಇನ್ನೊಬ್ಬನನ್ನು ನಿಲ್ಲಿಸಲಾಗಿದೆ: ವೇದ ಬಲ್ಲ, ಆಸೆಯ ಪೆಟ್ಟು ತಿನ್ನದ ಮನುಷ್ಯ. ಯಾವ ಮೆಟ್ಟಿಲಿನ ಆನಂದವೂ ಅವನಿಗೆ ಇದ್ದಲ್ಲೇ ಇದೆ. ಅವನಿಗೆ ಏಣಿ ಬೇಡ. ಈ ಜಾಗದಲ್ಲಿ ಅಂದು ಯಾರ್‍ಯಾರು ನಿಲ್ಲಬಹುದಿತ್ತು, ಯಾರನ್ನು ಓದಿನ ಬಾಗಿಲಲ್ಲೇ ತಡೆಯಲಾಗಿತ್ತು ಎಂಬ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಆದರೂ ಆಸೆಯಿಲ್ಲದಿರುವುದಕ್ಕೂ ಆಸೆಯ ಪೆಟ್ಟು ತಿನ್ನದಿರುವುದಕ್ಕೂ ನಡುವಿನ ವ್ಯತ್ಯಾಸ ಬೆಲೆಯುಳ್ಳದ್ದು. ಅಮ್ಮನಿಗೆ ಕಿಟಕಿಯ ಆಸೆ ಇದೆ. ಆ ಆಸೆ ಅವಳ ಚಾವನ್ನು ಕಹಿ ಮಾಡಿಲ್ಲ.

ಗ್ರೀಸಿನ ಎಪಿಕ್ಯೂರಸ್‌ನದ್ದು ಇದಕ್ಕೆ ಹತ್ತಿರದ ದಾರಿ. ಸುಖವೇ ಗುರಿ ಎಂದವನು ಅವನು. ಹಾಗಾಗಿ ಅವನ ಹೆಸರು ಇವತ್ತು ಭೋಗಿಗಳಿಗೆ ಅಂಟಿಕೊಂಡಿದೆ. ಬದುಕಿದ್ದು ಮಾತ್ರ ರೊಟ್ಟಿ ನೀರಿನಲ್ಲಿ. ಗೆಳೆಯನಿಗೆ ಪತ್ರ ಬರೆದು, ಒಂದು ಪುಟ್ಟ ಪಾತ್ರೆ ಗಿಣ್ಣು ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ ಎಂದು ಕೇಳಿದ್ದನಂತೆ. ಗಂಜಿಯ ಜೊತೆ ಒಂದು ಮಿಡಿ ಉಪ್ಪಿನಕಾಯಿ ಸಿಕ್ಕರೆ ಊಟದ ಗತ್ತೇ ಬದಲಾಗುವುದನ್ನು ಬಲ್ಲ ನಮಗೆ ಅವನು ಪರಕೀಯನಲ್ಲ. ಅವನ ಶಾಲೆಯ ಹೆಸರೂ ‘ತೋಟ’ ಎಂದೇ. ನನಗೆ ಮುಖ್ಯವೆನಿಸುವುದು ಆ ತೋಟದ ಗೇಟು. ಅಥೆನ್ಸಿನ ಆ ಕಾಲದಲ್ಲಿ ಅಪರೂಪವೆನ್ನುವಂತೆ ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಪ್ರವೇಶವಿತ್ತು. ಸಣ್ಣ ಸುಖವನ್ನು ಬೋಧಿಸಿದವನು ಬೋಧನೆಗೆ ಮೊದಲು ಬಾಗಿಲು ತೆರೆದಿದ್ದ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕತೆಯಾಗಿ ಬರೆದವರು ಶಿವರಾಮ ಕಾರಂತರು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಬಹುಕಾಲ ಬದುಕಿದ ಅವರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ ಸುಬ್ರಹ್ಮಣ್ಯದ ಸುತ್ತಲಿನ ಕಾಡಿನಲ್ಲಿ ನಡೆಯುತ್ತದೆ. ಆ ಕಾಡು ಇಂದಿನ ಕಡಬ ತಾಲೂಕು. ದಾರಿ ತಪ್ಪಿದ ಪ್ರಯಾಣಿಕ ಗೋಪಾಲಯ್ಯನ ಮನೆ ಸೇರುತ್ತಾನೆ. ಅಲ್ಲಿ ಅವನಿಗೆ ಸಿಗುವುದು ಬಿಸಿನೀರಿನ ಸ್ನಾನ, ಹೊಟ್ಟೆ ತುಂಬ ಊಟ, ಮುದುಕನ ತಮಾಷೆ. ಓದಿದವರು ಆ ಉಪಚಾರವನ್ನು ಮರೆಯುವುದಿಲ್ಲ. ಆದರೆ ಆ ಮನೆಯ ನಡುವೆ ಒಂದು ಖಾಲಿ ಜಾಗವಿದೆ. ಬಿಟ್ಟುಹೋದ ಮಗ ತಿರುಗಿ ಬಂದಿಲ್ಲ. ಶಂಕರಮ್ಮನ ದುಃಖ ಆರುವುದಿಲ್ಲ. ಊಟ, ಸ್ನಾನ, ತೋಟದ ಕೆಲಸ ಆ ದುಃಖಕ್ಕೆ ಮದ್ದಾಗುವುದಿಲ್ಲ. ದುಃಖವೂ ಊಟವನ್ನು ಸಪ್ಪೆ ಮಾಡುವುದಿಲ್ಲ. ಎರಡೂ ಒಂದೇ ಮಾಡಿನ ಕೆಳಗೆ ಇರುತ್ತವೆ. ಸಣ್ಣ ಸುಖ ದೊಡ್ಡ ನೋವನ್ನು ಗುಣಪಡಿಸುತ್ತದೆ ಎನ್ನುವ ಪುಸ್ತಕಗಳಿಗಿಂತ ಈ ಕಾದಂಬರಿ ನನಗೆ ಹೆಚ್ಚು ಪ್ರಾಮಾಣಿಕವೆನಿಸುವುದು ಇದಕ್ಕೆ.

ಸುಳ್ಯದ ಸಂಪಾಜೆ, ಅರಂತೋಡು ಕಡೆ ಕ್ಷೇತ್ರಕಾರ್ಯಕ್ಕೆ ಹೋದಾಗ ಇದೇ ಮಾತು ಬೇರೆ ರೀತಿಯಲ್ಲಿ ಎದುರಾಯಿತು. ಅಲ್ಲಿ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ವರ್ಷಗಳಿಂದ ತಿನ್ನುತ್ತಿದೆ. ಕೊಳೆರೋಗಕ್ಕಾದರೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಇದೆ. ಇದಕ್ಕೆ ಹಾಗೆ ಹೊಡೆದು ಗೆಲ್ಲುವ ಮದ್ದಿಲ್ಲ. ಗರಿ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ಮರ ಬೋಳಾಗುತ್ತದೆ. ಅಂಥ ತೋಟದ ನಡುವಿನ ಮನೆಯಲ್ಲಿ ನನಗೆ ಕೊಟ್ಟ ಪುನರ್ಪುಳಿ ಶರಬತ್ತಿನ ರುಚಿ ಇನ್ನೂ ನಾಲಿಗೆಯಲ್ಲಿದೆ. ಕೊಟ್ಟವರು ಪರಿಹಾರದ ಅರ್ಜಿಗಳ ಕಟ್ಟನ್ನೂ ತೋರಿಸಿದರು. ಶರಬತ್ತನ್ನು ಮಾತ್ರ ಬರೆದು ಅರ್ಜಿಯನ್ನು ಬಿಟ್ಟರೆ ನಾನು ಆ ನೆಂಟರ ಸಾಲಿಗೆ ಸೇರುತ್ತೇನೆ. ಅರ್ಜಿಯನ್ನು ಮಾತ್ರ ಬರೆದರೆ, ನಂಜು ತಗಲಿದ ತೋಟದಲ್ಲೂ ಬಂದವರಿಗೆ ತಂಪು ಕೊಡುವ ಆ ಮನೆಯವರ ದೊಡ್ಡತನ ದಾಖಲೆಯಿಂದ ಹೊರಗುಳಿಯುತ್ತದೆ.

ಸಣ್ಣ ಸುಖದ ಹಿಂದೆ ಎಷ್ಟು ದೊಡ್ಡ ಏರ್ಪಾಡು ಇರುತ್ತದೆ ಎಂಬುದಕ್ಕೆ ಪುತ್ತೂರಿನವರು ದೂರ ಹೋಗಬೇಕಿಲ್ಲ. ಕೆಮ್ಮಿಂಜೆಯ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆಯನ್ನು ಹೆಸರಿಸಿದರೆ ಸಾಕು. ಮಗುವಿನ ಬಾಯಲ್ಲಿ ಕರಗುವ ಚಾಕಲೇಟಿಗಿಂತ ಸಣ್ಣ ಸುಖ ಯಾವುದಿದೆ? ಆದರೆ ಅದು ಇಲ್ಲಿ ತಯಾರಾಗುವುದಕ್ಕೆ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಬೆಳೆಗಾರರು ಕಟ್ಟಿದ ಸಹಕಾರಿ ಸಂಸ್ಥೆ ಬೇಕಾಯಿತು. ಅಡಿಕೆಯ ನಡುವೆ ಕೊಕ್ಕೊ ಬೆಳೆದ ರೈತರಿಗೆ ಕೊಳ್ಳುವವರಿಲ್ಲದ ಹೊತ್ತು ಬಂದಾಗ ಆ ಸಂಸ್ಥೆ ಖರೀದಿಗೆ ಇಳಿಯಬೇಕಾಯಿತು. 1986ರಲ್ಲಿ ಕಾರ್ಖಾನೆ ಆರಂಭವಾಗಬೇಕಾಯಿತು. ಕೊಕ್ಕೊಗೆ ಬೆಲೆ ಬಿದ್ದಾಗ ‘ಇದ್ದುದರಲ್ಲಿ ತೃಪ್ತಿ ಪಡಿ’ ಎಂದು ರೈತರಿಗೆ ಬುದ್ಧಿ ಹೇಳಿ ಸುಮ್ಮನಾಗಿದ್ದರೆ ಆ ಚಾಕಲೇಟ್ ಇರುತ್ತಿರಲಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ಪ್ರಶ್ನೆ ಹೀಗೆ ಬಂದು ನಿಂತಿದೆ. ‘ಸಣ್ಣದರಲ್ಲಿ ಸುಖ ಕಾಣು’ ಎಂಬ ಮಾತು ಸರಿಯೋ ತಪ್ಪೋ ಎಂಬುದು ಮಾತಿನ ಒಳಗಿಲ್ಲ, ಅದು ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತಿದೆ ಎಂಬುದರಲ್ಲಿದೆ. ನನಗೆ ನಾನೇ ಹೇಳಿಕೊಂಡರೆ ಅದು ‘ಆಮೇಲೆ’ಯ ಅಟ್ಟದಿಂದ ನನ್ನನ್ನು ಕೆಳಗಿಳಿಸುತ್ತದೆ. ಇರುವವನು ಇಲ್ಲದವನಿಗೆ ಹೇಳಿದರೆ ಅದು ಬಾಗಿಲಿಗೆ ಹಾಕುವ ಚಿಲಕ. ಇಬ್ಬರೂ ಕೂತು ಹಂಚಿಕೊಂಡು ತಿನ್ನುತ್ತಿರುವಾಗ ಅದನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ. ಒಳ್ಳೆಯ ಸಣ್ಣ ಸುಖಕ್ಕೆ ನಾನು ಇಟ್ಟುಕೊಂಡಿರುವ ಪರೀಕ್ಷೆಯೂ ಸರಳ: ಅದನ್ನು ಅನುಭವಿಸುತ್ತಿರುವಾಗ ಕೇಳಬೇಕಾದ್ದನ್ನು ಕೇಳಲು ಬಾಯಿ ಬರುತ್ತದೆಯೇ? ಬಂದರೆ ಅದು ಸುಖ. ಬಾರದಿದ್ದರೆ ಅದು ಅಮಲು.

ಅಂದಹಾಗೆ ಅಮ್ಮನ ಅಡುಗೆಮನೆಗೆ ಕಿಟಕಿ ಬಂತು. ಫೆಲೋಶಿಪ್ಪಿನ ಒಂದು ಕಂತಿನಲ್ಲಿ ಗೋಡೆ ಒಡೆಸಿದೆವು. ಕಿಟಕಿಯಾಚೆ ಒಂದು ಹಲಸಿನ ಮರ, ಅದರಾಚೆ ತೋಡು. ಮೊದಲ ವಾರ ಅಮ್ಮ ಅಲ್ಲಿಯೇ ನಿಂತು ಚಾ ಕುಡಿದಳು. ಎರಡನೆಯ ವಾರ, ಬೆಳಕು ಚೆನ್ನಾಗಿದೆಯೆಂದು ತಡ್ಪೆಯನ್ನೂ ಅಲ್ಲಿಗೇ ತಂದಳು. ಈಗ ಸಂಜೆ ಇನ್ನೂ ಒಂದಷ್ಟು ಬೀಡಿ ಹೆಚ್ಚು ಕಟ್ಟುತ್ತಾಳೆ. ಸುಖಕ್ಕೆಂದು ತೆರೆದ ಕಿಟಕಿ ದುಡಿಮೆಯನ್ನು ಉದ್ದ ಮಾಡಿತಲ್ಲ ಎಂದರೆ, “ದುಡಿಮೆ ಹೇಗೂ ಇತ್ತು. ಈಗ ಅದಕ್ಕೆ ಹಲಸಿನ ಮರ ಕಾಣ್ತದೆ,” ಎನ್ನುತ್ತಾಳೆ. ಇದನ್ನು ಏಣಿಯ ಯಾವ ಮೆಟ್ಟಿಲಿನಲ್ಲಿ ಬರೆಯಬೇಕೋ ನನ್ನ ಪ್ರಶ್ನಾವಳಿಗೆ ಗೊತ್ತಿಲ್ಲ.

ಕಳೆದ ಮೇ ತಿಂಗಳಿನಲ್ಲಿ ಬಾಕಿ ಉಳಿದ ಫೆಲೋಶಿಪ್ ಕೇಳಲು ನಾವು ಏಳೆಂಟು ಮಂದಿ ಒಂದು ಕಚೇರಿಯ ವರಾಂಡದಲ್ಲಿ ಕಾದಿದ್ದೆವು. ಸಾಹೇಬರು ಮೀಟಿಂಗಿನಲ್ಲಿದ್ದರು. ಬೆಳ್ಳಾರೆ ಕಡೆಯ ಗೆಳತಿಯೊಬ್ಬಳು ಚೀಲದಿಂದ ಕಾಟು ಮಾವಿನ ಹಣ್ಣು ತೆಗೆದಳು. ಕೊಟ್ಟೆಯಲ್ಲಿ ಉಪ್ಪು ಮೆಣಸಿನ ಹುಡಿಯೂ ಇತ್ತು. ಸಿಪ್ಪೆ ಕಚ್ಚಿ, ಗೊರಟು ಚೀಪಿ, ಮೊಣಕೈವರೆಗೆ ರಸ ಇಳಿಸಿಕೊಂಡು ನಾವು ನಗಾಡುತ್ತಿರುವಾಗ ಒಳಗಿನಿಂದ ಗುಮಾಸ್ತರು ಬಂದರು. ನಮ್ಮನ್ನು ನೋಡಿ ಅವರಿಗೂ ನಗು ಬಂತು. “ನೀವು ಖುಷಿಯಲ್ಲೇ ಇದ್ದೀರಲ್ಲ, ಮತ್ತೇನು ಅವಸರ?” ಎಂದರು. ಗೆಳತಿ ಅವರಿಗೂ ಒಂದು ಹಣ್ಣು ಕೊಟ್ಟಳು. ಕೈ ಒರೆಸಿಕೊಂಡು ಫೈಲಿನಿಂದ ಅರ್ಜಿ ತೆಗೆದಳು. “ಹಣ್ಣು ಮರದ್ದು ಸಾರ್, ಫೆಲೋಶಿಪ್ ನಮ್ಮದು. ಇದಕ್ಕೊಂದು ಸೀಲು ಹಾಕಿ ಕೊಡಿ,” ಎಂದಳು.